ಹೈಡ್ರೋಜನ್ ನಮ್ಮೂರಿಗೆ ಬಂದರೆ ನಾವು ಏನು ಕೇಳಬೇಕು?

ಕಾಗದನಗರದ ಟೀ ಅಂಗಡಿಯಲ್ಲಿ ಕೂತರೆ ನಮಗೆ ಎದುರಾಗುವುದು ಒಂದೇ ಪ್ರಶ್ನೆ. "ಫ್ಯಾಕ್ಟರಿ ಯಾವಾಗ ಶುರುವಾಗುತ್ತಂತೆ?" ಎಂಪಿಎಂನಲ್ಲಿ ಉತ್ಪಾದನೆ ನಿಂತಿದ್ದು 2015ರಲ್ಲಿ. ಆದರೆ ಮೊನ್ನೆ ಒಬ್ಬರು ನಿವೃತ್ತ ಕಾರ್ಮಿಕರು ಮೊಬೈಲ್ ತೋರಿಸಿ ಬೇರೆಯದೇ ಕೇಳಿದರು. "ಇನ್ನು ಮುಂದೆ ಎಲ್ಲಾ ಹೈಡ್ರೋಜನ್ನಂತೆ. ನಮ್ಮೂರಿಗೂ ಬರುತ್ತೇನ್ರಪ್ಪಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪ್ರೆಸ್ ನೋಟ್ ನೋಡಿಕೊಂಡು "ಹಸಿರು ಹೈಡ್ರೋಜನ್" ಅಂತ ನಾವೂ ಎಷ್ಟೋ ಸಲ ಬರೆದಿದ್ದೇವೆ. ಹಸಿರು ಅಂತ ತೀರ್ಮಾನಿಸುವವರು ಯಾರು ಎಂದು ಕೇಳಿರಲಿಲ್ಲ. ನಾಚಿಕೆಯಾಯಿತು, ಕೂತು ಓದಿದೆವು.

ಕೇಂದ್ರ ಸಂಪುಟ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದ್ದು 2023ರ ಜನವರಿಯಲ್ಲಿ. ಮೊತ್ತ 19,744 ಕೋಟಿ ರೂಪಾಯಿ. ಅದೇ ವರ್ಷ ಆಗಸ್ಟ್‌ನಲ್ಲಿ ಮಾನದಂಡ ಬಂತು: ಒಂದು ಕೆ.ಜಿ. ಹೈಡ್ರೋಜನ್ ತಯಾರಿಸುವಾಗ ಹೊರಬೀಳುವ ಇಂಗಾಲದ ಲೆಕ್ಕ 2 ಕೆ.ಜಿ. ದಾಟಬಾರದು. ನೀರನ್ನು ಕರೆಂಟಿನಿಂದ ಒಡೆದು ಮಾಡಿದ್ದೂ ಆಗಬಹುದು, ಕೃಷಿ ತ್ಯಾಜ್ಯದಂಥ ಜೀವರಾಶಿಯಿಂದ ತೆಗೆದದ್ದೂ ಆಗಬಹುದು.

ಉಕ್ಕಿನ ಕಾರ್ಖಾನೆಗೆ ಇದು ಯಾಕೆ ಬೇಕು? ಕಬ್ಬಿಣದ ಅದಿರಿನಲ್ಲಿ ಆಮ್ಲಜನಕ ಸೇರಿಕೊಂಡಿರುತ್ತದೆ. ಅದನ್ನು ಕಲ್ಲಿದ್ದಲಿನಿಂದ ತೆಗೆದರೆ ಇಂಗಾಲದ ಹೊಗೆ. ಹೈಡ್ರೋಜನ್‌ನಿಂದ ತೆಗೆದರೆ ನೀರಿನ ಹಬೆ. ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ಈ ಪ್ರಯೋಗ ಆಗಲೇ ಶುರುವಾಗಿದೆ.

ಭದ್ರಾವತಿಯವರಿಗೆ ಈ ಕಥೆಯ ಮೊದಲ ಭಾಗ ಗೊತ್ತು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿದ್ದು ಮಲೆನಾಡಿನ ಕಾಡು ಕಡಿದು ಮಾಡಿದ ಇದ್ದಿಲಿನಿಂದ. 1936ರಲ್ಲಿ ಎಂಪಿಎಂ ಹುಟ್ಟಿತು. ಮುಂದೆ ಅದರ ನೆಡುತೋಪಿಗೆ ಅಂತ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯಭೂಮಿ ಗುತ್ತಿಗೆಗೆ ಹೋಯಿತು. ಅಕೇಶಿಯಾ, ನೀಲಗಿರಿ ಬಂತು. ಕಾರ್ಖಾನೆ ನಿಂತರೂ 2020ರಲ್ಲಿ ಗುತ್ತಿಗೆ ಮತ್ತೆ 40 ವರ್ಷಕ್ಕೆ ಮುಂದುವರಿದಾಗ "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಎಂದು ಜಿಲ್ಲೆಯ ಜನ ಬೀದಿಗಿಳಿದರು. ಕೆಲಸ ಕೊಟ್ಟಿದ್ದೂ ಕಾರ್ಖಾನೆಯೇ, ಕಾಡು ತಿಂದಿದ್ದೂ ಕಾರ್ಖಾನೆಯೇ. ಎರಡೂ ನಿಜ.

ಅದಕ್ಕೇ ನಮಗೆ ಆಸೆಯೂ ಇದೆ, ಭಯವೂ ಇದೆ. ಒಂದು ಕೆ.ಜಿ. ಜೀವರಾಶಿಯಿಂದ 100 ಗ್ರಾಂ ಹೈಡ್ರೋಜನ್ ತೆಗೆಯಬಹುದು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತೋರಿಸಿದೆ. ನಮ್ಮ ರಸ್ತೆ ಬದಿಯಲ್ಲಿ ಅಡಿಕೆ ಸಿಪ್ಪೆ ರಾಶಿ ರಾಶಿ ಕೊಳೆಯುತ್ತಿದೆ. ಅದು ಹೈಡ್ರೋಜನ್ ಆದರೆ ಯಾರಿಗೆ ಬೇಡ? ಆದರೆ ಸಿಪ್ಪೆಯ ಹೆಸರಲ್ಲಿ ಶುರುವಾಗಿ ಮತ್ತೆ ಅಕೇಶಿಯಾ ತೋಪಿಗೆ ಹೋಗಿ ನಿಂತರೆ?

ನೀರಿನ ದಾರಿಗೂ ಲೆಕ್ಕವಿದೆ. ಒಂದು ಕೆ.ಜಿ.ಗೆ ಕನಿಷ್ಠ 9 ಲೀಟರ್ ಶುದ್ಧ ನೀರು, 50 ಯೂನಿಟ್ ಮೇಲೆ ಕರೆಂಟು. ಭದ್ರಾ ನಾಲೆಯ ಕೊನೆ ಭಾಗದ ರೈತರು ನೀರಿನ ಸರದಿಗೆ ಕಾಯುವುದು ನಮಗೆಲ್ಲ ಗೊತ್ತು.

ಸುರಕ್ಷತೆ ಇನ್ನೊಂದು. ಅಡುಗೆ ಗ್ಯಾಸ್‌ಗೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಹೈಡ್ರೋಜನ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಗಲಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅದನ್ನು ತುಂಬಿಡುವ ಸಿಲಿಂಡರ್, ಟ್ಯಾಂಕ್‌ಗಳಿಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೋ ಸಂಸ್ಥೆಯ ಅನುಮತಿ ಬೇಕು.

ಓದುತ್ತಾ ನಮ್ಮನ್ನು ನಿಲ್ಲಿಸಿದ ವಿಷಯ ಬೇರೆ. ಹಸಿರು ಹೈಡ್ರೋಜನ್ ಘಟಕಗಳಿಗೆ ಕೇಂದ್ರ ಪರಿಸರ ಸಚಿವಾಲಯ ಮುಂಚಿತ ಪರಿಸರ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ದೊಡ್ಡ ಕಾರ್ಖಾನೆ ಬರುವಾಗ ಜಿಲ್ಲಾಡಳಿತ ಶಾಮಿಯಾನ ಹಾಕಿ ಜನರ ಅಹವಾಲು ಕೇಳುವುದು ಆ ಅನುಮತಿಯ ಭಾಗವಾಗಿಯೇ. ಅದು ಇಲ್ಲದಿದ್ದರೆ ನಮ್ಮ ಮಾತು ಹೇಳಲು ಉಳಿಯುವುದು ಗ್ರಾಮಸಭೆ. ಯಾವ ನೀರು, ಯಾವ ಮರ, ಅವಘಡವಾದರೆ ಹೊಣೆ ಯಾರು, ಕೆಲಸ ಎಷ್ಟು ಜನಕ್ಕೆ? ಈ ನಾಲ್ಕನ್ನು ಅಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಮತ್ತೆ ಟೀ ಅಂಗಡಿಗೆ ಹೋಗಿ ಇಷ್ಟನ್ನೂ ಯಜಮಾನರಿಗೆ ಹೇಳಿದೆವು. ಅವರು ಲೋಟ ಕೆಳಗಿಟ್ಟು, "ಹಾಗಾದ್ರೆ ಬರುತ್ತೋ ಇಲ್ವೋ ಅನ್ನೋದು ಆಮೇಲಿನ ಮಾತು ಬಿಡಿ. ಮೊದಲು ಈ ನಾಲ್ಕು ಬರೆದು ಕೊಡಿ," ಅಂದರು. ಹಾಳೆ ಹರಿದು ಬರೆದು ಕೊಟ್ಟೆವು.