ಪಟ್ಟೆ ಹಸುವಿನ ಬಡಾಯಿ

ಐರ್ಲೆಂಡಿನ ಗಾಲ್ವೇಯಲ್ಲಿ ಮಗಳ ಮನೆ. ಏಪ್ರಿಲ್ ಎರಡನೇ ತಾರೀಕು. ಅಪರೂಪಕ್ಕೆ ಬಿಸಿಲು ಬಿತ್ತಲ್ಲ ಎಂದು ಒಗೆದ ಅಂಗಿಗಳನ್ನು ಹಿತ್ತಿಲಲ್ಲಿ ಹರವುತ್ತಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯಜ್ಜಿ, "ಬೇಡ, ನಮ್ಮ ಬೆಕ್ಕು ಬೆಂಕಿಗೆ ಬೆನ್ನು ಹಾಕಿ ಕೂತಿದೆ" ಎಂದರು. ನನ್ನ ಫೋನು ಮಳೆಯಿಲ್ಲ ಎಂದಿತ್ತು. ಬೆಕ್ಕಿನ ಮಾತು ಕೇಳಿಕೊಂಡು ಬಟ್ಟೆ ಎತ್ತಿಡುವಷ್ಟು ಕೆಟ್ಟಿರಲಿಲ್ಲ ನನ್ನ ಬುದ್ಧಿ. ಅರ್ಧ ಗಂಟೆಯಲ್ಲಿ ಅಂಗಿಗಳು ಇನ್ನೊಂದು ಸಲ ಒಗೆಸಿಕೊಂಡವು.

ಸೋತವನನ್ನು ಅಜ್ಜಿ ಚಹಾಕ್ಕೆ ಕರೆದರು. ಬೆಕ್ಕೊಂದೇ ಅಲ್ಲ, ಅವರ ಹತ್ತಿರ ಇಡೀ ಹವಾಮಾನ ಇಲಾಖೆಯೇ ಇತ್ತು. ಚಿಮಣಿಯಿಂದ ಮಸಿ ಉದುರಿದರೆ ಮಳೆ. ಕೊಲ್ಲಿಯಾಚೆಯ ಕ್ಲೇರ್ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ ಕಂಡರೆ ಮಳೆ. ಕಾಣದೇ ಹೋದರೆ? ಆಗಲೇ ಸುರಿಯುತ್ತಿದೆ ಎಂದರ್ಥ. ಇಂಥ ಶಾಸ್ತ್ರ ತಪ್ಪುವುದಾದರೂ ಹೇಗೆ! ಇದನ್ನೆಲ್ಲ 1937ರಿಂದ 39ರವರೆಗೆ ಅಲ್ಲಿನ ಜಾನಪದ ಆಯೋಗ ಶಾಲಾ ಮಕ್ಕಳ ಕೈಲಿ ಮನೆಯ ಹಿರಿಯರನ್ನು ಕೇಳಿಸಿ ಬರೆಸಿ ಜೋಪಾನ ಮಾಡಿದೆ. ಆರಿದ್ರೆ, ಪುನರ್ವಸು ಎಂದು ನನ್ನಜ್ಜಿ ಬೆರಳು ಮಡಚುತ್ತಿದ್ದದ್ದನ್ನು ಬರೆದುಕೊ ಎಂದು ನನಗೆ ಯಾವ ಮೇಷ್ಟರೂ ಹೇಳಲಿಲ್ಲ.

ಅದಿರಲಿ, ಪಕ್ಕದ ಮನೆಯಜ್ಜಿ ಹೇಳಿದ್ದರಲ್ಲಿ ತಲೆಯಲ್ಲಿ ಉಳಿದದ್ದು ಹಸು. ಏಪ್ರಿಲ್‌ನ ಮೊದಲ ಮೂರು ದಿನಗಳನ್ನು ಐರಿಷರು ಪಟ್ಟೆ ಹಸುವಿನ ದಿನಗಳು ಎನ್ನುತ್ತಾರೆ. ಮಾರ್ಚ್ ಮುಗಿಯಿತೆಂದು ಮುದಿ ಹಸು ಬಾಲವೆತ್ತಿ, "ಏನು ಕಿತ್ತುಕೊಂಡಿತು ಈ ಮಾರ್ಚು?" ಎಂದು ಬಡಾಯಿ ಕೊಚ್ಚಿತಂತೆ. ಮಾರ್ಚಿಗೆ ಉರಿದುಹೋಯಿತು. ಏಪ್ರಿಲ್‌ನಿಂದ ಮೂರು ದಿನ ಕಡ ತಂದು, ಗಾಳಿ ಮಳೆ ಚಳಿ ಎಲ್ಲ ಸುರಿದು, ಹಸುವನ್ನು ಕೊಂದು ಚರ್ಮ ಸುಲಿದೇಬಿಟ್ಟಿತು.

ನಕ್ಕೆ. ಆಮೇಲೆ ನಗು ಬರಲಿಲ್ಲ. ಕೂಡಿಟ್ಟ ಮೇವು ಮುಗಿದು ಹೊಸ ಹುಲ್ಲು ಇನ್ನೂ ಏಳದ ಹೊತ್ತು ಅದು. ಮೂಳೆ ಎಣಿಸಬಹುದಾದ ದನಗಳು, ಚಳಿಗಾಲ ದಾಟಿದವು ಎನ್ನುವಾಗಲೇ ಬಿದ್ದುಹೋಗುತ್ತಿದ್ದವು. ಬಡವರ ಮನೆಯಲ್ಲಿ ಹಸು ಹೋದರೆ ಹಾಲು ಹೋಯಿತು, ಬೆಣ್ಣೆ ಹೋಯಿತು, ಬೆಣ್ಣೆ ಮಾರಿ ಕಟ್ಟುವ ಗೇಣಿಯೂ ಹೋಯಿತು. ಅಷ್ಟೆಲ್ಲ ಆಗಿಯೂ ತಪ್ಪು ಹಸುವಿನ ಬಾಯಿಯದೇ?

ನನಗೆ ತಡೆಯಲಾಗಲಿಲ್ಲ. ಪುಣ್ಯಕೋಟಿಯ ಕತೆ ತೆಗೆದೆ. ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಗವಿಗೆ ಮರಳಿದ್ದು, ಹುಲಿಯೇ ಪ್ರಾಣ ಬಿಟ್ಟದ್ದು, ಎಲ್ಲವನ್ನೂ ಹರಕು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು.

ಅಜ್ಜಿ ಕಪ್ಪು ಕೆಳಗಿಟ್ಟರು.

"ಅವತ್ತು ಮಳೆ ಇತ್ತಾ?"