ಅಚ್ಚಿನ ಬಾಯಾರಿಕೆ

ಅಂಗಡಿಯಿಂದ ತಂದ ಆರು ಪಿಂಗಾಣಿ ಬಟ್ಟಲುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ಒಂದೇ ತಾಯಿಯ ಮಕ್ಕಳಿಗಿಂತ ಹೆಚ್ಚಾಗಿ ಒಂದನ್ನೊಂದು ಹೋಲುತ್ತವೆ. ಹಳ್ಳಿಯ ಕುಂಬಾರನ ತಿಗರಿಯಿಂದ ಇಳಿದ ಮಡಕೆಗಳಲ್ಲಿ ಈ ಬಗೆಯ ಸಾಮ್ಯವಿಲ್ಲ. ಒಂದರ ಕಂಠ ಕೊಂಚ ಮೇಲೆ, ಇನ್ನೊಂದರ ಹೊಟ್ಟೆ ಕೊಂಚ ದಪ್ಪ. ಬಟ್ಟಲುಗಳ ಈ ಏಕರೂಪತೆಗೆ ಕಾರಣವಾದ ವಸ್ತು ಮಾತ್ರ ಯಾವ ಮನೆಗೂ ಬರುವುದಿಲ್ಲ. ಅದು ಬಿಳಿಯ ಪ್ಲಾಸ್ಟರಿನ ಅಚ್ಚು. ಕಾರ್ಖಾನೆಯಲ್ಲಿಯೇ ಹುಟ್ಟಿ, ಅಲ್ಲಿಯೇ ದುಡಿದು, ಅಲ್ಲಿಯೇ ಸವೆದು ಹೋಗುವುದು ಅದರ ಪಾಡು.

ಪ್ಯಾರಿಸ್ ಪ್ಲಾಸ್ಟರು ಎಂಬುದು ಜಿಪ್ಸಂ ಕಲ್ಲಿನ ಪುಡಿ. ಆಯುರ್ವೇದದ ಪಂಡಿತರು ಗೋದಂತಿಯೆಂದು ಭಸ್ಮಕ್ಕೆ ಉಪಯೋಗಿಸುವ ಕಲ್ಲೂ ಇದೇ. ಪ್ಯಾರಿಸ್ ನಗರದ ಮಾಂಟ್‌ಮಾರ್ಟ್ರ್ ಗುಡ್ಡದಲ್ಲಿ ಇದನ್ನು ಬಹುಕಾಲ ಅಗೆದುದರಿಂದ ಪ್ಲಾಸ್ಟರಿಗೆ ಆ ಊರಿನ ಹೆಸರು ನಿಂತಿತು. ಕಲ್ಲನ್ನು ಹದವಾಗಿ ಸುಟ್ಟರೆ ಅದರೊಳಗೆ ಅಡಗಿದ ನೀರಿನ ಮುಕ್ಕಾಲು ಪಾಲು ಆವಿಯಾಗಿ ಹೋಗುತ್ತದೆ. ಉಳಿದ ಪುಡಿಗೆ ಮತ್ತೆ ನೀರು ಸೇರಿಸಿದರೆ, ಕಳೆದುಕೊಂಡ ನೀರನ್ನು ಮರಳಿ ಹಿಡಿದುಕೊಂಡು ಸೂಜಿಯಂಥ ಹರಳುಗಳಾಗಿ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾಗುವುದಕ್ಕೆ 100 ಪಾಲು ಪುಡಿಗೆ 19 ಪಾಲು ನೀರೂ ಬೇಕಿಲ್ಲ. ಆದರೆ ಅಚ್ಚು ಮಾಡುವವನು 70 ಪಾಲಿಗೆ ಕಡಿಮೆಯಿಲ್ಲದೆ ಸುರಿಯುತ್ತಾನೆ. ಹೆಚ್ಚಿನ ನೀರೆಲ್ಲ ಒಣಗಿ ಹೋದ ಮೇಲೆ ಅದು ಇದ್ದ ಜಾಗಗಳು ಕಣ್ಣಿಗೆ ಕಾಣದ ರಂಧ್ರಗಳಾಗಿ ಉಳಿಯುತ್ತವೆ. ಅಚ್ಚಿನ ಗುಣವೆಲ್ಲ ಈ ಬರಿದಾದ ರಂಧ್ರಗಳಲ್ಲಿದೆ. ತೆಳುವಾಗಿ ಕಲಸಿದ ಮಣ್ಣಿನ ಕೆಸರನ್ನು ಅದರೊಳಗೆ ಹೊಯ್ದರೆ ರಂಧ್ರಗಳು ನೀರನ್ನು ಹೀರಿಕೊಳ್ಳುತ್ತವೆ, ಮಣ್ಣು ಗೋಡೆಗೆ ಅಂಟಿ ನಿಲ್ಲುತ್ತದೆ. ಬೇಕಾದಷ್ಟು ದಪ್ಪವಾದೊಡನೆ ಮಿಕ್ಕ ಕೆಸರನ್ನು ಬಗ್ಗಿಸಿ ಚೆಲ್ಲುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಟ್ಟಲು ಕುಗ್ಗಿ ತಾನಾಗಿಯೇ ಅಚ್ಚನ್ನು ಬಿಡುತ್ತದೆ.

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತಕ್ಕೆ ಈ ಅಚ್ಚನ್ನು 1745ರ ಸುಮಾರಿನಲ್ಲಿ ಫ್ರಾನ್ಸಿನಿಂದ ತಂದವನು ಕಾಬ್ರಿಜ್ ಊರಿನ ರಾಲ್ಫ್ ಡೇನಿಯಲ್ ಎಂದು ಅಲ್ಲಿನ ಇತಿಹಾಸಕಾರರು ಹೇಳುತ್ತಾರೆ. ಅದಕ್ಕೆ ಮೊದಲು ಸುಟ್ಟ ಮಣ್ಣಿನ ಅಚ್ಚುಗಳಿದ್ದವು. ಪ್ಲಾಸ್ಟರು ಬಂದ ಮೇಲೆ ಆ ಪ್ರಾಂತದ ಆರು ಪಟ್ಟಣಗಳು ಜಗತ್ತಿನ ಊಟದ ಮೇಜಿಗೆ ತಟ್ಟೆಗಳನ್ನು ಒದಗಿಸುವಂತಾದವು.

ಇಷ್ಟು ದುಡಿಯುವ ವಸ್ತು ಬಲು ಸುಕುಮಾರವಾದುದು. ಅದರ ಆರೈಕೆಯೆಲ್ಲ ಒಂದು ಮಾತಿನಲ್ಲಿ ಅಡಗಿದೆ: ಕುಡಿದ ನೀರನ್ನು ಕಕ್ಕುವವರೆಗೆ ಅದಕ್ಕೆ ಮತ್ತೆ ಕುಡಿಸಬಾರದು. ತೇವ ಉಳಿದ ಅಚ್ಚು ಮಣ್ಣನ್ನು ಬಿಟ್ಟುಕೊಡದೆ ಹಿಡಿದುಕೊಳ್ಳುತ್ತದೆ. ಬಟ್ಟಲಿನ ಗೋಡೆ ಒಂದು ಕಡೆ ತೆಳುವಾಗಿ ಇನ್ನೊಂದು ಕಡೆ ದಪ್ಪವಾಗುತ್ತದೆ. ಹಾಗೆಂದು ಅವಸರದಿಂದ ಬೆಂಕಿಯ ಬಳಿ ಇಟ್ಟರೆ ಇನ್ನೂ ಕೇಡು. ಒಣಗುತ್ತ ಬಂದ ಅಚ್ಚಿಗೆ 120 ಡಿಗ್ರಿ ಫ್ಯಾರನ್‌ಹೀಟು, ಎಂದರೆ ಸುಮಾರು 50 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಶಾಖ ತಗಲಿದರೆ, ಹರಳುಗಳು ಹಿಡಿದುಕೊಂಡ ನೀರೂ ಬಿಟ್ಟುಹೋಗತೊಡಗಿ ಅಂಚುಗಳು ಸುಣ್ಣದಂತೆ ಉದುರುತ್ತವೆ. ಗಾಳಿಯಾಡುವ ಬೆಚ್ಚನೆಯ ಸ್ಥಳದಲ್ಲಿ, ಅಡಿಗೂ ಗಾಳಿ ಸೇರುವಂತೆ ಪಟ್ಟಿಗಳ ಮೇಲೆ ಇಟ್ಟು, ನಿಧಾನವಾಗಿ ಒಣಗಿಸಬೇಕು. ಎರಡು ಮೂರು ತುಂಡುಗಳ ಅಚ್ಚಾದರೆ ಅವನ್ನು ಜೋಡಿಸಿ ಬಿಗಿದೇ ಇಡಬೇಕು. ಬಿಡಿಬಿಡಿಯಾಗಿ ಒಣಗಿದ ತುಂಡುಗಳು ಸೊಟ್ಟಗಾಗಿ ಮತ್ತೆ ಒಂದಕ್ಕೊಂದು ಕೂಡುವುದಿಲ್ಲ.

ಹೀಗೆ ಮುಚ್ಚಿ ಇಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕಡಮೆ ನೀರಿನಲ್ಲಿಯೇ ಕೆಸರು ಸರಾಗವಾಗಿ ಹರಿಯಲೆಂದು ಅದಕ್ಕೆ ಸೋಡಾವನ್ನೋ ಸೋಡಿಯಂ ಸಿಲಿಕೇಟನ್ನೋ ಬೆರೆಸುತ್ತಾರೆ. ನೀರಿನೊಡನೆ ಇವೂ ಅಚ್ಚಿನೊಳಗೆ ಇಳಿದು ಪ್ಲಾಸ್ಟರಿನೊಡನೆ ಸೇರಿ ಬೇರೆ ಲವಣವಾಗುತ್ತವೆ. ನೀರು ಆವಿಯಾಗುವ ಮುಖದಲ್ಲಿ ಆ ಲವಣ ಬಿಳಿಯ ಕೂದಲಿನಂತೆ ಹೊರಬೀಳುತ್ತದೆ. ಒಳಮುಖ ಮುಚ್ಚಿದ್ದರೆ ಅದು ಹೊರಮೈಯಲ್ಲಿ ಬೆಳೆಯುತ್ತದೆ. ಒಣ ಕುಂಚದಿಂದ ಗುಡಿಸಿದರೆ ಹೋಯಿತು. ಒಳಮುಖ ತೆರೆದಿದ್ದರೆ ಬಟ್ಟಲಿನ ಮೈಯನ್ನು ರೂಪಿಸುವ ಜಾಗವನ್ನೇ ತಿನ್ನುತ್ತದೆ. ಮಣ್ಣಿನ ಕಲೆಯನ್ನು ತೆಗೆಯಲು ಒದ್ದೆಯಾದ ಸ್ಪಂಜು ಸಾಕು. ತಿಕ್ಕಬಾರದು, ಒಂದು ಲೀಟರು ನೀರಿನಲ್ಲಿ ಎರಡು ಗ್ರಾಮಿಗೂ ಮಿಕ್ಕಿ ಜಿಪ್ಸಂ ಕರಗುವುದರಿಂದ ತೊಳೆತವೂ ಒಂದು ಸವೆತವೇ. ಸಾಬೂನು ಸೋಕಿದರೆ ರಂಧ್ರಗಳ ಬಾಯಿ ಕಟ್ಟುತ್ತದೆ. ಚಾಕುವಿನಂಥ ಲೋಹದ ಉಪಕರಣವನ್ನಂತೂ ಹತ್ತಿರ ತರಲೇಬಾರದು. ಅದರಿಂದ ಗೀರು ಬೀಳುವುದಷ್ಟೇ ಅಲ್ಲ. ಚಕ್ಕೆಯೆದ್ದ ಪ್ಲಾಸ್ಟರಿನ ಚೂರು ಮಣ್ಣಿನಲ್ಲಿ ಸೇರಿದರೆ, ಆವಗೆಯಿಂದ ಚೆನ್ನಾಗಿಯೇ ಬಂದ ಪಾತ್ರೆಯ ಮೈಯಿಂದ ಎಷ್ಟೋ ದಿನದ ಮೇಲೆ ಬಿಲ್ಲೆ ಸಿಡಿಯುವುದುಂಟು.

ಇಷ್ಟೆಲ್ಲ ಜೋಪಾನ ಮಾಡಿದರೂ ಎರಕದ ಅಚ್ಚು ನೂರು ಸಲ ದುಡಿದರೆ ಹೆಚ್ಚು ಎಂಬುದು ಕಸಬಿನವರ ಅಂದಾಜು.

ಸ್ಟಾಫರ್ಡ್‌ಶೈರಿನಲ್ಲಿ ಈ ಜೋಪಾನದ ಭಾರವನ್ನು ಹೊತ್ತವರು ಯಾರೆಂಬುದನ್ನು ಹೇಳದೆ ಬಿಟ್ಟರೆ ಅಚ್ಚಿನ ಕಥೆ ಅರ್ಧವಾದೀತು. ತಟ್ಟೆ ಮಾಡುವುದು ಎರಕದಿಂದಲ್ಲ. ಹಪ್ಪಳದಂತೆ ತಟ್ಟಿದ ಮಣ್ಣನ್ನು ತಿರುಗುವ ಅಚ್ಚಿನ ಮೇಲೆ ಹಾಸಿ, ಬೆನ್ನನ್ನು ಒಂದು ಅಲಗಿನಿಂದ ತೀಡುತ್ತಾರೆ. ಆ ತಟ್ಟೆ ಅಚ್ಚಿನ ಮೇಲೆಯೇ ಕುಳಿತು ಆರಬೇಕು. ಆದುದರಿಂದ ಒಂದೊಂದು ತಟ್ಟೆಗೂ ಒಂದೊಂದು ಅಚ್ಚು. ಕುಶಲಿಯ ಕೈ ನಿಲ್ಲದಂತೆ ಹಸಿ ತಟ್ಟೆಯಿದ್ದ ಅಚ್ಚನ್ನು ಒಲೆ ಉರಿಯುವ ಒಣಗುಕೋಣೆಗೆ ಒಯ್ದು, ಒಣಗಿದ ಅಚ್ಚನ್ನು ಮರಳಿ ತಂದುಕೊಡಲು ಒಬ್ಬ ಹುಡುಗನಿರುತ್ತಿದ್ದ. ಅವನ ಕೆಲಸಕ್ಕೆ ‘ಅಚ್ಚಿನ ಓಟ’ವೆಂದೇ ಹೆಸರು. ನಡೆದರೆ ಸಾಲದು, ಓಡಬೇಕು. ಕೋಣೆಯ ಶಾಖ 120 ಡಿಗ್ರಿಯ ಆಸುಪಾಸು. ಹೊರಗೆ ಆ ಸೀಮೆಯ ಚಳಿಗಾಲ. ಅಚ್ಚಿಗೆ ತಡೆಯಬಲ್ಲ ಶಾಖದ ಎಲ್ಲೆಯನ್ನು ಅನುಭವದಿಂದ ಅರಿತಿದ್ದ ಆ ಜನ ಹುಡುಗನಿಗೆ ಯಾವ ಎಲ್ಲೆಯನ್ನೂ ಇಟ್ಟಿರಲಿಲ್ಲ. ಅಚ್ಚಿಗೆ ಆರಲು ಬಿಡುವಿತ್ತು. ಒಂದು ಆರುತ್ತಿದ್ದಾಗ ಇನ್ನೊಂದು ದುಡಿಯುತ್ತಿತ್ತು. ಎಲ್ಲ ಅಚ್ಚುಗಳ ಸರದಿಗೂ ಹುಡುಗ ಒಬ್ಬನೇ.

ಚಾರ್ಲ್ಸ್ ಶಾ ಎಂಬಾತ ಏಳು ವರ್ಷದವನಾಗಿದ್ದಾಗ ಈ ಓಟಕ್ಕೆ ಸೇರಿ, ಮುಪ್ಪಿನಲ್ಲಿ ಅದನ್ನೆಲ್ಲ ನೆನೆದು ಬರೆದ ಪುಸ್ತಕ 1903ರಲ್ಲಿ ಅಚ್ಚಾಯಿತು. ಆರ್ನಲ್ಡ್ ಬೆನೆಟ್ ತನ್ನ ‘ಕ್ಲೇಹ್ಯಾಂಗರ್’ ಕಾದಂಬರಿಯ ಒಂದು ಭಾಗಕ್ಕೆ ಅದರಿಂದಲೇ ಸಾಮಗ್ರಿಯನ್ನು ಪಡೆದ. 1863ರ ಸರ್ಕಾರಿ ವಿಚಾರಣೆಯ ಮುಂದೆ ನಿಂತ ವಿಲಿಯಂ ವುಡ್ ಎಂಬ ಒಂಬತ್ತು ವರ್ಷದ ಬಾಲಕ, ಏಳು ವರ್ಷ ಹತ್ತು ತಿಂಗಳಾದಾಗಿನಿಂದ ಅಚ್ಚು ಹೊರುತ್ತಿರುವುದಾಗಿಯೂ, ಬೆಳಿಗ್ಗೆ ಆರಕ್ಕೆ ಬಂದು ರಾತ್ರಿ ಒಂಬತ್ತರ ಹೊತ್ತಿಗೆ ಬಿಡುವುದಾಗಿಯೂ ಹೇಳಿದ. ಆ ಹೇಳಿಕೆಯನ್ನು ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ಎತ್ತಿಕೊಟ್ಟಿದ್ದಾನೆ. ಮರುವರ್ಷ, 1864ರಲ್ಲಿ, ಕಾರ್ಖಾನೆಯ ಕಾಯಿದೆ ಕುಂಬಾರಿಕೆಗೂ ವಿಸ್ತರಿಸಿ, ಎಂಟು ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ಹದಿಮೂರರವರೆಗಿನವರಿಗೆ ಅರ್ಧ ಹೊತ್ತಿನ ಕೆಲಸ, ಉಳಿದರ್ಧ ಶಾಲೆ ಎಂದಾಯಿತು. ಗಿಡ್ಡ ಕೈಗಳ ಆ ಓಟ ಒಮ್ಮೆಲೇ ನಿಂತಿತೆಂದಲ್ಲ. ಬಿಸಿಗಾಳಿಯ ಯಂತ್ರಗಳು ಬಂದು, ಅಚ್ಚುಗಳು ತಾವೇ ಸಾಗುತ್ತ ಒಣಗುವ ಏರ್ಪಾಡಾಗುವವರೆಗೆ ಅಚ್ಚುಗಳನ್ನು ಯಾರಾದರೂ ಹೊರಲೇಬೇಕಾಗಿತ್ತು.

ಆ ಸೀಮೆಯ ಮಿಡಲ್‌ಪೋರ್ಟಿನಲ್ಲಿ 1888ರಲ್ಲಿ ಕಟ್ಟಿದ ಕಾರ್ಖಾನೆಯೊಂದು ಈಗಲೂ ಕೆಲಸ ಮಾಡುತ್ತಿದೆ. ಅಲ್ಲಿನ ಅಚ್ಚಿನ ಉಗ್ರಾಣದಲ್ಲಿ ಸಾವಿರಾರು ಹಳೆಯ ಅಚ್ಚುಗಳು ಹಲಗೆಗಳ ಮೇಲೆ ಧೂಳು ಹೊದ್ದು ಕುಳಿತಿವೆ: ಚಹದ ಪಾತ್ರೆಯ ಮೂತಿ, ಹೂಜಿಯ ಹಿಡಿ, ಮುಚ್ಚಳದ ಗುಬ್ಬಿ. ಮೂಲರೂಪದಿಂದ ಎತ್ತಿದ ಮೊದಲನೆಯ ಅಚ್ಚನ್ನು ಎರಕಕ್ಕೆ ಬಳಸದೆ, ಅದರಿಂದ ಬೇರೆ ಅಚ್ಚುಗಳನ್ನು ಪಡೆಯುವುದಕ್ಕಾಗಿ ಕಾದಿಡುವುದು ಈ ಕಸಬಿನ ರೂಢಿ. ಅದೊಂದು ಉಳಿದರೆ ದುಡಿದು ಸವೆದ ಅಚ್ಚುಗಳಿಗೆ ಬದಲು ಹೊಸವನ್ನು ಎಷ್ಟು ಕಾಲವಾದ ಮೇಲೂ ಮಾಡಿಕೊಳ್ಳಬಹುದು. ಹಾಗೆ ಹೊಸದಾಗಿ ಮಾಡಿದ ಅಚ್ಚಿನ ಮೊದಲ ಒಂದೆರಡು ಎರಕಗಳನ್ನು ಕುಶಲಿಗಳು ಆವಗೆಗೆ ಕಳುಹಿಸುವುದಿಲ್ಲ. ಅಚ್ಚಿನ ಮೈಯಲ್ಲಿ ಉಳಿದ ಸಾಬೂನನ್ನೂ ಧೂಳನ್ನೂ ಆ ಮಣ್ಣಿಗೇ ಅಂಟಿಸಿಕೊಂಡು, ಒಂದು ಮೂಲೆಗೆ ಎಸೆಯುತ್ತಾರೆ.