ಕೇಳಿದ್ದು, ಬೆನ್ನಿಗೆ ಬಂದದ್ದು

ಸೋಮವಾರ, ಬೆಳಿಗ್ಗೆ
ಗ್ರಂಥಾಲಯದ ಸ್ಕ್ಯಾನಿಂಗ್ ಕೋಣೆಯ ಡೆಬಿಯನ್ ಯಂತ್ರ ಇಂದಿನಿಂದ ನನ್ನ ಪಾಲಿಗೆ. ಇದನ್ನು ಈವರೆಗೆ ನೋಡಿಕೊಂಡ ಮೇಷ್ಟ್ರು ನಿವೃತ್ತರಾಗಿ ಊರಿಗೆ ಹೋದರು. ಪಾಸ್‌ವರ್ಡ್ ಬರೆದ ಚೀಟಿ ಬಿಟ್ಟರೆ ಬೇರೇನೂ ಇಟ್ಟಿಲ್ಲ. ಡಿಸ್ಕ್ ಬಹುತೇಕ ಭರ್ತಿ. ಏನನ್ನು ತೆಗೆಯುವುದು?

ಸಂಜೆ
ಆಪ್ಟ್-ಮಾರ್ಕ್ ಶೋಮ್ಯಾನುಯಲ್. ಕೇಳಿ ಹಾಕಿಸಿಕೊಂಡ ಪ್ಯಾಕೇಜುಗಳ ಪಟ್ಟಿ. ಅವುಗಳ ಬೆನ್ನಿಗೆ ಬಂದವಕ್ಕೆ ‘ಆಟೊ’ ಎಂಬ ಬೇರೆ ಗುರುತು. ಈ ವ್ಯತ್ಯಾಸವನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದಲ್ಲ, ಅದೇ ನನಗೆ ದೊಡ್ಡದು. ಆದರೆ ಮೊದಲ ದಿನ ಇನ್‌ಸ್ಟಾಲರ್ ಹಾಕಿದ್ದೂ ಈ ಪಟ್ಟಿಯೊಳಗೆ ಬೆರೆತಿದೆ. ಮೇಷ್ಟ್ರ ಆಯ್ಕೆ ಯಾವುದೆಂದು ಹೇಗೆ ಹೇಳಲಿ?

ಮಂಗಳವಾರ
ಹಳೇ ಮಾಸಪತ್ರಿಕೆಗಳ ಅಕ್ಷರ ಗುರುತಿಸಲು ಟೆಸರಾಕ್ಟ್. ಕೇಳಿದ್ದು ಕನ್ನಡದ ಪ್ಯಾಕೇಜ್ ಒಂದನ್ನೇ. ಅದರ ಬೆನ್ನಿಗೆ ಟೆಸರಾಕ್ಟ್ ಬಂತು, ಟೆಸರಾಕ್ಟ್ ಬೆನ್ನಿಗೆ ಇಂಗ್ಲಿಷ್ ಪ್ಯಾಕೇಜ್.
“ಇಂಗ್ಲಿಷ್ ನಮಗ್ಯಾಕ್ರಿ ಅಕ್ಕಾರ? ತಗೀಲೇನ್ರಿ?” ಅಂದ, ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗ.
ಆಪ್ಟ್-ಗೆಟ್ ರಿಮೂವ್, ಜೊತೆಗೆ ‘-ಎಸ್’. ಏನನ್ನೂ ಅಳಿಸದೆ, ಏನೇನು ಹೋಗಲಿದೆ ಎಂದಷ್ಟೇ ತೋರಿಸುತ್ತದೆ. ಇಂಗ್ಲಿಷ್ ಹೋದರೆ ಟೆಸರಾಕ್ಟ್ ಹೋಗುತ್ತದೆ, ಹಿಂದೆಯೇ ಕನ್ನಡವೂ. ಹುಡುಗ ಪಟ್ಟಿಯನ್ನು ಮತ್ತೆ ಮತ್ತೆ ಓದಿದ. “ಇರ್ಲಿ ಬಿಡ್ರಿ.”
ಆಜ್ಞೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ವೈ ಒತ್ತುವ ಮುಂಚೆ ಓದುವ ಅಭ್ಯಾಸ ಮಾಡಿಸಬೇಕು ಇವನಿಗೆ.

ರಾತ್ರಿ
ಆಟೊರಿಮೂವ್ ಪಟ್ಟಿ ಉದ್ದ. ಹಳೆಯ ಕರ್ನಲ್‌ಗಳು, ಯಾರಿಗೂ ಬೇಡವಾದ ಲೈಬ್ರರಿಗಳು. ನಡುವೆ ಪಾಪ್ಲರ್-ಯುಟಿಲ್ಸ್! ಯಾವುದರದೋ ಬೆನ್ನಿಗೆ ಬಂದದ್ದು. ತಂದ ಪ್ಯಾಕೇಜ್ ಯಾವಾಗಲೋ ಹೋಗಿದೆ. ಆದರೆ ಪಿಡಿಎಫ್ ಪುಟಗಳನ್ನು ಚಿತ್ರ ಮಾಡಲು ದಿನಾ ಇದೇ ಬೇಕು. ಆಪ್ಟ್-ಮಾರ್ಕ್ ಮ್ಯಾನುಯಲ್ ಕೊಟ್ಟೆ. ಇನ್ನು ಅದು ಕೇಳಿ ತರಿಸಿಕೊಂಡವುಗಳ ಸಾಲಿಗೆ. ಉಳಿದದ್ದಕ್ಕೆ ವೈ. ಜಾಗ ಸಿಕ್ಕಿತು.

ಬುಧವಾರ, 3 ಗಂಟೆ
ಅಪ್‌ಗ್ರೇಡ್ ಅರ್ಧದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಕೈಕೊಟ್ಟಿತು. ಹೊಟ್ಟೆಯಲ್ಲಿ ಸಂಕಟ.

4.20
ಆಪ್ಟ್ ಯಾವ ಮಾತನ್ನೂ ಕೇಳಲೊಲ್ಲದು. ಡಿಪಿಕೆಜಿ --ಕಾನ್ಫಿಗರ್ -ಎ ಕೊಡು ಎನ್ನುತ್ತದೆ. ಕೊಟ್ಟೆ. ಅರ್ಧಕ್ಕೆ ನಿಂತವೆಲ್ಲ ಒಂದೊಂದಾಗಿ ಮುಗಿದವು. ಕೆಟ್ಟು ನಿಂತಾಗ ದಾರಿಯನ್ನೂ ತಾನೇ ಹೇಳುವಂತೆ ಇದನ್ನು ಬರೆದವರಿಗೆ ಕೈಮುಗಿಯಬೇಕು.

ಗುರುವಾರ
ಸ್ಕ್ಯಾನರ್ ಹಂಚಿಕೊಳ್ಳುವ ಸೇನ್-ಯುಟಿಲ್ಸ್ ಇಲ್ಲ. ಡಿಪಿಕೆಜಿ ಪಟ್ಟಿಯಲ್ಲಿ ಅದರ ಮುಂದೆ ‘ಆರ್‌ಸಿ’. ಪ್ಯಾಕೇಜ್ ತೆಗೆದಿದೆ, ಸೆಟ್ಟಿಂಗ್ ಉಳಿದಿದೆ. ರಿಮೂವ್ ಅಷ್ಟು ಉಳಿಸುತ್ತದೆ. ಪರ್ಜ್ ಅದನ್ನೂ ಒರೆಸಿಬಿಡುತ್ತದೆ.
ಇಟಿಸಿ ಒಳಗಿನ ಆ ಫೈಲ್ ತೆರೆದೆ. ಯಾವ ಯಾವ ಕಂಪ್ಯೂಟರಿಗೆ ಅನುಮತಿ ಎಂಬ ಸಾಲುಗಳು. ಬಹುತೇಕ ಪ್ರತಿಯೊಂದರ ಮೇಲೆ ಮೇಷ್ಟ್ರ ಟಿಪ್ಪಣಿ, ಕನ್ನಡದಲ್ಲಿ: ಯಾವ ಕೋಣೆ, ಯಾರ ಮೇಜು. ಬಹಳ ಹೊತ್ತು ಓದಿದೆ. ಇಷ್ಟು ಅಕ್ಕರೆಯಿಂದ ಬರೆದವರು ಪ್ಯಾಕೇಜನ್ನು ತೆಗೆದದ್ದೇಕೆ? ಆಪ್ಟ್‌ನ ಹಿಸ್ಟರಿ ಲಾಗ್‌ನಲ್ಲಿ ದಿನ, ಗಂಟೆ, ಆಜ್ಞೆ ಎಲ್ಲ ಇದೆ. ಕಾರಣ ಇಲ್ಲ.

ಶುಕ್ರವಾರ
ಫೋನ್ ಮಾಡಿದೆ. “ಸರ್, ಸೇನ್ ಯಾಕ ತಗದ್ರಿ?”
“ನೆನಪಿಲ್ಲ ತಂಗಿ.” ಆಮೇಲೆ ಹಳೇ ಮಾತಿಗಿಳಿದರು. 1999ರಲ್ಲಿ ಡೆಬಿಯನ್ 2.1ರ ಜೊತೆ ಆಪ್ಟ್ ಬಂದದ್ದು; ಬರೀ ಡಿಪಿಕೆಜಿಯಿಂದ ಹಾಕುವಾಗ ಒಂದಕ್ಕೆ ಇನ್ನೊಂದು ಬೇಕಾಗಿ, ಅದಕ್ಕೆ ಮತ್ತೊಂದು ಬೇಕಾಗಿ, ಎಲ್ಲವನ್ನೂ ಕೈಯಾರೆ ಹುಡುಕಿದ್ದು. ದನಿಯಲ್ಲಿ ಖುಷಿ ಇತ್ತು. ಕಾರಣ ಮತ್ತೆ ಕೇಳಲಿಲ್ಲ.

ಸಂಜೆ
ಸೇನ್-ಯುಟಿಲ್ಸ್ ಮರಳಿ ಹಾಕಿದೆ. ಹಳೇ ಫೈಲನ್ನು ಮುಟ್ಟದೆ ಹಾಗೇ ಇಟ್ಟುಕೊಂಡಿತು. ಒಂದು ವಿಳಾಸದ ಮೇಲೆ ಮಾತ್ರ ಟಿಪ್ಪಣಿ ಇಲ್ಲ. ತೆಗೆಯಲೋ, ಬಿಡಲೋ? ಸೋಮವಾರ ಹುಡುಗನನ್ನು ಕರೆದುಕೊಂಡು ಕೋಣೆ ಕೋಣೆ ಹೋಗಿ, ಅದು ಯಾರ ಕಂಪ್ಯೂಟರ್ ಎಂದು ನೋಡಬೇಕು.